ಜಲ್ಲಿ ದಾರಿಗೆ ಟ್ರ್ಯಾಕ್ಟರ್ ಸ್ನೋ ಬ್ಲೋವರ್ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುತ್ತಿರುವುದು ಟ್ರ್ಯಾಕ್ಟರ್‌ನ ಹಿಂದೆ ತ್ರೀ ಪಾಯಿಂಟ್ ಲಿಂಕೇಜ್‌ಗೆ (ಕೆಳಗೆ ಎರಡು ಲೋವರ್ ಲಿಂಕ್, ಮೇಲೆ ಒಂದು ಟಾಪ್ ಲಿಂಕ್, ಹೀಗೆ ಮೂರು ತೋಳಿನ ಜೋಡಣೆ) ಕಟ್ಟಿ, ಪಿಟಿಒ ಶಾಫ್ಟ್‌ನಿಂದ (ಎಂಜಿನ್ ಶಕ್ತಿಯನ್ನು ಕಟ್ಟಿದ ಯಂತ್ರಕ್ಕೆ ಕೊಡುವ ತಿರುಗುವ ದಂಡ) ತಿರುಗಿಸುವ ಸ್ನೋ ಬ್ಲೋವರ್, ಅಂದರೆ ಹಿಮ ಎತ್ತಿ ಎಸೆಯುವ ಯಂತ್ರದ ಬಗ್ಗೆ. ಮುಂದೆ ಕಟ್ಟುವ ಬ್ಲೋವರ್‌ಗೂ ಮುಕ್ಕಾಲು ಪಾಲು ಇದೇ ಮಾತು. ಎಲ್ಲಿ ಬೇರೆಯೋ ಅಲ್ಲಿ ಹೇಳಿದ್ದೇನೆ.

ಜಲ್ಲಿ ಹಾಕಿದ ದಾರಿಯಲ್ಲಿ ಬ್ಲೋವರ್ ಓಡಿಸಬಹುದಾ, ಇಲ್ವಾ?

ಧಾರಾಳವಾಗಿ ಓಡಿಸಬಹುದು. ಆದರೆ ಯಂತ್ರ ಮನೆಗೆ ಬಂದ ಹಾಗೇ ಇಳಿಸಿ ಓಡಿಸಿದರೆ ಹಿಮದ ಜೊತೆ ದಾರಿಯೂ ಎದ್ದು ಹೋಗುತ್ತದೆ. ಬ್ಲೋವರ್‌ನ ಕೆಳತುಟಿಗೆ ಒಂದು ಉಕ್ಕಿನ ಪಟ್ಟಿ ಬೋಲ್ಟ್ ಮಾಡಿರುತ್ತಾರೆ, ಕಟಿಂಗ್ ಎಡ್ಜ್ ಅಂತ. ನೆಲಕ್ಕೆ ಅಂಟಿದ ಹಿಮವನ್ನು ಕೆರೆದು ಎತ್ತುವುದು ಅದರ ಕೆಲಸ. ಕಾಂಕ್ರೀಟ್ ಮೇಲೆ, ಟಾರ್ ಮೇಲೆ ಅದು ಬೇಕೇ ಬೇಕು. ಜಲ್ಲಿ ಮೇಲೆ ಅದೇ ಪಟ್ಟಿ ಗುದ್ದಲಿ ಆಗಿಬಿಡುತ್ತದೆ.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ. ಜಲ್ಲಿ ದಾರಿಯಲ್ಲಿ ನೆಲ ಕಾಣುವ ತನಕ ಹಿಮ ತೆಗೆಯುವುದಿಲ್ಲ. ಒಂದು ಇಂಚು, ಒಂದೂವರೆ ಇಂಚು ಹಿಮ ಅಲ್ಲೇ ಉಳಿಯಬೇಕು. ಅದು ಚಕ್ರದಡಿ ತುಳಿಸಿಕೊಂಡು ಗಟ್ಟಿಯಾಗುತ್ತದೆ, ಚಳಿಗಾಲ ಪೂರ್ತಿ ಅದೇ ನಿಮ್ಮ ರಸ್ತೆ. ಕೆಳಗೆ ಬರೆದ ಮಾರ್ಪಾಡುಗಳೆಲ್ಲ ಆ ಒಂದು ಇಂಚನ್ನು ಉಳಿಸುವುದಕ್ಕೇ.

ನಾಲ್ಕು ಕಲ್ಲು ಒಳಗೆ ಹೋದರೆ ಏನಾಗುತ್ತದೆ? ಅಷ್ಟು ದೊಡ್ಡ ವಿಷಯವಾ?

ದೊಡ್ಡ ವಿಷಯವೇ. ಈ ಯಂತ್ರದಲ್ಲಿ ಎರಡು ಹಂತ ಇದೆ. ಬಾಯಿಯಲ್ಲಿರುವ ಆಗರ್, ಅಂದರೆ ತಿರುಪಿನಂಥ ಸುರುಳಿ, ನಿಧಾನವಾಗಿ ಸುತ್ತುತ್ತಾ ಹಿಮವನ್ನು ನಡುವಿಗೆ ಎಳೆಯುತ್ತದೆ. ಅದರ ಹಿಂದಿನ ಫ್ಯಾನ್ ಅದನ್ನು ಚ್ಯೂಟ್‌ನಿಂದ (ಮೇಲಿನ ಕೊಳವೆ) ಹೊರಗೆ ಎಸೆಯುತ್ತದೆ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ಫ್ಯಾನ್ ಅದೇ ವೇಗದಲ್ಲಿ ತಿರುಗುವ ಯಂತ್ರದಲ್ಲಿ, ಫ್ಯಾನ್ 60 ಸೆಂ.ಮೀ. ಅಗಲ ಇದ್ದರೆ ಅದರ ರೆಕ್ಕೆಯ ತುದಿ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಹಿಮ ಗಾಳಿಯಲ್ಲೇ ಪುಡಿಯಾಗಿ ಬೀಳುತ್ತದೆ, ಕಲ್ಲು ಹಾಗಲ್ಲ. ಅದೇ ವೇಗದಲ್ಲಿ ಹೋಗಿ ಕಿಟಕಿಗೋ ಕಾರಿಗೋ, ಯಾರದೋ ಮುಖಕ್ಕೋ ಬಡಿಯುತ್ತದೆ.

ಮೊದಲ ಚಳಿಗಾಲ ನಾನು ಇದನ್ನು ಹಗುರವಾಗಿ ತಗೊಂಡಿದ್ದೆ. ಒಂದು ಕಲ್ಲು ಗ್ಯಾರೇಜ್ ಬಾಗಿಲಿನ ತಗಡಿಗೆ ಬಡಿದ ಸದ್ದು ಕ್ಯಾಬಿನ್ ಒಳಗೂ ಕೇಳಿಸಿತು. ಆ ಬಾಗಿಲ ಮುಂದೆ ಹತ್ತು ನಿಮಿಷದ ಹಿಂದೆ ಮಗು ಆಡುತ್ತಿತ್ತು. ಅವತ್ತೇ ಯಂತ್ರ ನಿಲ್ಲಿಸಿದೆ. ಮರುದಿನ ಎತ್ತರ ಸರಿಮಾಡಲು ಬ್ಲೋವರ್‌ನ ಸ್ಕಿಡ್ ಶೂಗಳನ್ನು ಬಿಚ್ಚಿದೆ, ಅವು ಏನು ಅಂತ ಈಗ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಏನು ಮಾಡಬೇಕು?

ಸ್ಕಿಡ್ ಶೂ ಎತ್ತರ ಸರಿಮಾಡಿ. ಬ್ಲೋವರ್‌ನ ಎರಡೂ ಬದಿಗೆ, ಜಾರುಬಂಡಿಯ ಕಾಲಿನ ಹಾಗೆ ಇರುವ ಉಕ್ಕಿನ ಪಟ್ಟಿಗಳೇ ಸ್ಕಿಡ್ ಶೂ. ಅವುಗಳ ಬೋಲ್ಟ್ ತೂತು ಉದ್ದಕ್ಕೆ ಇರುತ್ತದೆ, ಮೇಲೆ ಕೆಳಗೆ ಸರಿಸಬಹುದು. ಕಾಸು ಖರ್ಚಿಲ್ಲದ ಕೆಲಸ ಇದು.

ಸಮತಟ್ಟಾದ ಗಟ್ಟಿ ನೆಲದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ. ಕಟಿಂಗ್ ಎಡ್ಜ್‌ನ ಎರಡೂ ತುದಿಗೆ ಒಂದೇ ದಪ್ಪದ ಎರಡು ಹಲಗೆ ತುಂಡು ಇಟ್ಟು ಬ್ಲೋವರ್ ಅನ್ನು ಅದರ ಮೇಲೆ ಇಳಿಸಿ. ಎಂಜಿನ್ ಆರಿಸಿ. ಈಗ ಶೂ ಬೋಲ್ಟ್ ಸಡಿಲ ಮಾಡಿದರೆ ಶೂ ತಾನಾಗಿ ನೆಲಕ್ಕೆ ಬೀಳುತ್ತದೆ, ಬೀಳದಿದ್ದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಎರಡೂ ಕಡೆ ಬಿಗಿ ಮಾಡಿ. ಹಲಗೆಯ ದಪ್ಪವೇ ನಿಮ್ಮ ಎತ್ತರ. ರೋಲರ್ ಹೊಡೆದು ಗಟ್ಟಿಯಾದ ದಾರಿಗೆ 25 ಮಿ.ಮೀ. ಸಾಕು. ಸಡಿಲ ಜಲ್ಲಿಗೆ 40 ಮಿ.ಮೀ. ಇರಲಿ. ಒಂದು ಬದಿ ಜಾಸ್ತಿ ಇನ್ನೊಂದು ಬದಿ ಕಡಿಮೆ ಆದರೆ ಕೆಳಗಿರುವ ಮೂಲೆ ದಾರಿಯಲ್ಲಿ ಸಾಲು ಹೊಡೆದುಕೊಂಡು ಹೋಗುತ್ತದೆ, ಅದಕ್ಕೇ ಎರಡೂ ಕಡೆ ಒಂದೇ ಹಲಗೆಯಿಂದ ಕತ್ತರಿಸಿದ ತುಂಡು ಬಳಸಿ ಅಂದದ್ದು.

ಶೂ ಎತ್ತರ ಸರಿ ಮಾಡಿದೆ, ಆದರೂ ಜಲ್ಲಿ ಬರುತ್ತಿದೆ. ಯಾಕೆ?

ಶೂ ಹೂತುಹೋಗುತ್ತಿದೆ. ಯಂತ್ರದ ಜೊತೆ ಬರುವ ಶೂ ಸಾಮಾನ್ಯವಾಗಿ ತೀರಾ ಸಣ್ಣದು, ಟಾರ್ ರಸ್ತೆಗೆ ಅಷ್ಟೇ ಸಾಕು. ಒಂದು ಲೆಕ್ಕ ಹಾಕಿ ನೋಡಿ. ಬ್ಲೋವರ್ 250 ಕೆ.ಜಿ. ಅಂದುಕೊಳ್ಳಿ. ನೆಲಕ್ಕೆ ತಾಗುವ ಭಾಗ ಒಂದೊಂದು ಶೂಗೆ 4 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ ಇದ್ದರೆ ಎರಡೂ ಸೇರಿ 160 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ ಒಂದೂವರೆ ಕೆ.ಜಿ. ಭಾರ ಬಿತ್ತು. ಅದೇ ಶೂ 12 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ ಆದರೆ 720 ಚದರ ಸೆಂ.ಮೀ. ಆಯಿತು, ಭಾರ ಮೂರನೇ ಒಂದು ಕೆ.ಜಿ.ಗೆ ಇಳಿಯಿತು. ಕೆಸರಿನಲ್ಲಿ ನಡೆಯುವಾಗ ಹಲಗೆ ಹಾಸಿಕೊಳ್ಳುತ್ತೀವಲ್ಲ, ಅದೇ ಉಪಾಯ.

ಹಾಗಾಗಿ ಅಗಲ ಶೂ ಹಾಕಿ. ಕೊಳ್ಳಬಹುದು, ವೆಲ್ಡಿಂಗ್ ಗೊತ್ತಿದ್ದರೆ ಮಾಡಿಕೊಳ್ಳಬಹುದು. 8 ಅಥವಾ 10 ಮಿ.ಮೀ. ದಪ್ಪದ ಪ್ಲೇಟ್ ಸಾಕು. ಒಂದು ವಿಷಯ ಮಾತ್ರ ಮರೀಬೇಡಿ: ಎರಡೂ ತುದಿ ಮೇಲಕ್ಕೆ ಬಾಗಿರಬೇಕು. ಹಿಂದೆ ಕಟ್ಟಿದ ಬ್ಲೋವರ್ ಓಡುವುದೇ ರಿವರ್ಸ್‌ನಲ್ಲಿ, ಆಮೇಲೆ ಮುಂದಕ್ಕೂ ಬರುತ್ತೀರಿ. ಒಂದೇ ತುದಿ ಬಾಗಿಸಿದರೆ ಇನ್ನೊಂದು ತುದಿ ಜಲ್ಲಿಯನ್ನು ನೇಗಿಲಿನಂತೆ ಉಳುತ್ತದೆ. ಉಕ್ಕಿನ ಶೂ ಅಡಿಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಬೋಲ್ಟ್ ಮಾಡುವವರೂ ಇದ್ದಾರೆ. ಚೆನ್ನಾಗಿ ಜಾರುತ್ತದೆ, ಆದರೆ ಚೂಪು ಜಲ್ಲಿ ಮೇಲೆ ಬೇಗ ಸವೆಯುತ್ತದೆ. ಬೋಲ್ಟ್ ತಲೆ ಒಳಗೆ ಹುದುಗಿರಬೇಕು.

ಪೈಪ್ ಸೀಳಿ ಕಟಿಂಗ್ ಎಡ್ಜ್‌ಗೆ ತೊಡಿಸುತ್ತಾರಂತೆ, ಅದು ಹೇಗೆ?

ನನ್ನ ಲೆಕ್ಕದಲ್ಲಿ ಜಲ್ಲಿ ದಾರಿಗೆ ಇದಕ್ಕಿಂತ ಒಳ್ಳೆಯ ಮಾರ್ಪಾಡು ಇಲ್ಲ. ಚೂಪು ಅಂಚು ಜಲ್ಲಿಯನ್ನು ಅಗೆಯುತ್ತದೆ, ಗುಂಡಗಿನ ಅಂಚು ಜಲ್ಲಿಯ ಮೇಲೆ ಹತ್ತಿ ಜಾರುತ್ತದೆ. ಅಷ್ಟೇ ಇದರ ಗುಟ್ಟು.

ಒಂದೂವರೆಯಿಂದ ಎರಡು ಇಂಚಿನ, ದಪ್ಪ ಗೋಡೆಯ ಉಕ್ಕಿನ ಪೈಪ್ ತಗೊಳ್ಳಿ. ತೆಳು ಪೈಪ್ ಬೇಡ, ಸವೆದು ಬಾಗುತ್ತದೆ. ಬ್ಲೋವರ್‌ನ ಒಳ ಅಗಲಕ್ಕೆ ಸರಿಯಾಗಿ ಕತ್ತರಿಸಿ. ಪೈಪ್ ಮೇಲೆ ಉದ್ದಕ್ಕೆ ಗೆರೆ ಎಳೆದು, ಕಟಿಂಗ್ ಡಿಸ್ಕ್ ಹಾಕಿದ ಗ್ರೈಂಡರ್‌ನಿಂದ ಒಂದೇ ಬದಿ ಸೀಳಿ. ಸೀಳು ಕಟಿಂಗ್ ಎಡ್ಜ್‌ನ ದಪ್ಪಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರಲಿ. ಪೈಪ್ ಒಳಗೆ ಒತ್ತಡ ಇರುತ್ತದೆ, ಸೀಳುತ್ತಾ ಹೋದ ಹಾಗೆ ಸೀಳು ಮುಚ್ಚಿಕೊಂಡು ಡಿಸ್ಕ್ ಕಚ್ಚಬಹುದು. ಆದ್ದರಿಂದ ಪೈಪ್ ಅನ್ನು ಗಟ್ಟಿಯಾಗಿ ಕ್ಲ್ಯಾಂಪ್ ಮಾಡಿ, ಸೀಳಿದ ಕಡೆ ಸಣ್ಣ ಬೆಣೆ ಇಡುತ್ತಾ ಹೋಗಿ. ಕಣ್ಣಿಗೆ ಕನ್ನಡಕ, ಮುಖಕ್ಕೆ ಶೀಲ್ಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಸೀಳಾದ ಮೇಲೆ ಸುತ್ತಿಗೆಯಿಂದ ತಟ್ಟಿ ಕಟಿಂಗ್ ಎಡ್ಜ್‌ಗೆ ತೊಡಿಸಿ. ಸುಮ್ನೆ ತೊಡಿಸಿ ಬಿಟ್ಟರೆ ಒಂದು ದಿನ ಕಳಚಿ ಆಗರ್ ಒಳಗೆ ಹೋಗುತ್ತದೆ, ಹಾಗಾಗಿ ಮೂರು ನಾಲ್ಕು ಕಡೆ ಪೈಪ್ ಮತ್ತು ಎಡ್ಜ್ ಎರಡಕ್ಕೂ ತೂತು ಕೊರೆದು ಬೋಲ್ಟ್ ಹಾಕಿ. ವೆಲ್ಡ್ ಮಾಡಿದರೆ ಆಮೇಲೆ ಬಿಚ್ಚಲು ಕಷ್ಟ, ನಾನು ಬೋಲ್ಟ್ ಪಕ್ಷ. ಪೈಪ್‌ನ ಎರಡು ತುದಿಯನ್ನೂ ಓರೆಯಾಗಿ ಕತ್ತರಿಸಿ ನುಣುಪು ಮಾಡಿ.

ಆಮೇಲೆ ಎಂಜಿನ್ ಆರಿಸಿ, ಪಿಟಿಒ ಶಾಫ್ಟ್ ಬಿಚ್ಚಿ, ಆಗರ್ ಅನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಆಗರ್ ಅಂಚಿಗೂ ಪೈಪ್‌ಗೂ ನಡುವೆ ಬೆರಳು ಹೋಗುವಷ್ಟಾದರೂ ಜಾಗ ಇರಬೇಕು. ಇಲ್ಲದಿದ್ದರೆ ಸಣ್ಣ ಪೈಪ್‌ಗೆ ಇಳಿಯಿರಿ. ಈ ಪರೀಕ್ಷೆ ಬಿಟ್ಟವರು ಮೊದಲ ದಿನವೇ ಶಿಯರ್ ಬೋಲ್ಟ್ (ಆಗರ್ ಸಿಕ್ಕಿಕೊಂಡಾಗ ತಾನು ಮುರಿದು ಯಂತ್ರ ಉಳಿಸುವ ಬೋಲ್ಟ್) ಮುರಿದುಕೊಳ್ಳುತ್ತಾರೆ. ಪೈಪ್ ಹಾಕಿದ ಮೇಲೆ ಶೂ ಎತ್ತರವನ್ನೂ ಇನ್ನೊಮ್ಮೆ ಹಲಗೆ ಇಟ್ಟು ಸರಿಮಾಡಬೇಕು, ಈ ಸಲ ಹಲಗೆ ಪೈಪ್ ಅಡಿಗೆ.

ಇದರ ಕೊರತೆಯನ್ನೂ ಹೇಳುತ್ತೇನೆ. ಗಟ್ಟಿಯಾದ ಮಂಜುಗಡ್ಡೆಯನ್ನು ಪೈಪ್ ಕಡಿಯುವುದಿಲ್ಲ, ಮೇಲೆ ಹತ್ತಿಬಿಡುತ್ತದೆ. ನಿಮ್ಮ ದಾರಿಯ ಒಂದು ಭಾಗ ಕಾಂಕ್ರೀಟ್ ಇದ್ದರೆ ಅಲ್ಲಿ ಒಂದು ಪದರ ಹಿಮ ಉಳಿಯುತ್ತದೆ, ಸಲಿಕೆ ಹಿಡಿಯಬೇಕಾಗುತ್ತದೆ.

ಟಾಪ್ ಲಿಂಕ್ ಹೇಗೆ ಇಟ್ಟುಕೊಳ್ಳಬೇಕು?

ಹಿಂದೆ ಕಟ್ಟಿ ರಿವರ್ಸ್‌ನಲ್ಲಿ ಓಡಿಸುವ ಬ್ಲೋವರ್ ಆದರೆ ಟಾಪ್ ಲಿಂಕ್ ಅನ್ನು ಒಂದೆರಡು ಸುತ್ತು ಗಿಡ್ಡ ಮಾಡಿ. ಬ್ಲೋವರ್‌ನ ತಲೆ ಟ್ರ್ಯಾಕ್ಟರ್ ಕಡೆಗೆ ವಾಲುತ್ತದೆ, ಹಿಮಕ್ಕೆ ಮುಖ ಮಾಡಿದ ಕೆಳತುಟಿ ಸ್ವಲ್ಪ ಮೇಲೇಳುತ್ತದೆ. ಅಗೆಯುವುದು ಕಡಿಮೆ ಆಗುತ್ತದೆ. ಬಾಯಿ ಟ್ರ್ಯಾಕ್ಟರ್ ಕಡೆಗೇ ಇದ್ದು, ಮುಂದಕ್ಕೆ ಎಳೆದುಕೊಂಡು ಹೋಗುವ ಬ್ಲೋವರ್ ಆದರೆ ಇದು ತಿರುಗುಮುರುಗು, ಅಲ್ಲಿ ಉದ್ದ ಮಾಡಬೇಕು. ತೀರಾ ಜಾಸ್ತಿ ವಾಲಿಸಬೇಡಿ, ಶೂನ ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿ ಹೂತುಕೊಳ್ಳುತ್ತದೆ.

ಲಿವರ್ ಹಿಡಿದು ಎತ್ತಿಕೊಂಡೇ ಓಡಿಸಿದರೆ ಸಾಲದಾ? ಶೂ ಯಾಕೆ ಬೇಕು?

ಅನುಭವ ಇರುವವರು ಹಾಗೇ ಓಡಿಸುತ್ತಾರೆ. ಆದರೆ ತಗ್ಗು ಬಂದಾಗ, ಟ್ರ್ಯಾಕ್ಟರ್‌ನ ಹಿಂಚಕ್ರ ಇಳಿದ ತಕ್ಷಣ ಬ್ಲೋವರ್ ಕೂಡ ಇಳಿಯುತ್ತದೆ, ನಿಮ್ಮ ಕೈ ಲಿವರ್ ಎಳೆಯುವಷ್ಟರಲ್ಲಿ ಒಂದು ಬುಟ್ಟಿ ಜಲ್ಲಿ ಹೋಗಿರುತ್ತದೆ. ಶೂ ನೆಲದ ಜೊತೆ ಏಳುತ್ತಾ ಬೀಳುತ್ತಾ ಬರುತ್ತದೆ. ಹಿಂದಿನ ಲಿಂಕೇಜ್ ಸಾಮಾನ್ಯವಾಗಿ ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ, ಅದು ನಮಗೆ ಅನುಕೂಲ. ಮುಂದೆ ಕಟ್ಟುವವರು ಲಿವರ್ ಅನ್ನು ಫ್ಲೋಟ್‌ನಲ್ಲಿ (ಬ್ಲೋವರ್ ನೆಲದ ಏರಿಳಿತಕ್ಕೆ ತಾನಾಗಿ ಏಳುತ್ತಾ ಬೀಳುತ್ತಾ ಹೋಗುವ ಸ್ಥಾನ) ಇಡಬೇಕು, ಇಲ್ಲದಿದ್ದರೆ ಹೈಡ್ರಾಲಿಕ್ ಒತ್ತಡ ಬ್ಲೋವರ್ ಅನ್ನು ನೆಲದೊಳಕ್ಕೆ ತಳ್ಳುತ್ತದೆ.

ನಡುವಿನ ದಾರಿಯೂ ಒಂದಿದೆ. ಲೋವರ್ ಲಿಂಕ್‌ಗಳಿಂದ ಟ್ರ್ಯಾಕ್ಟರ್‌ನ ಟಾಪ್ ಲಿಂಕ್ ಬ್ರಾಕೆಟ್‌ಗೆ ಎರಡು ಸರಪಳಿ ಕಟ್ಟಿದರೆ ಬ್ಲೋವರ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ನೆಲ ಇನ್ನೂ ಮೆತ್ತಗಿರುವಾಗ ಇದು ತುಂಬಾ ಉಪಯೋಗ.

ಮೊದಲ ಹಿಮ ಬಿದ್ದ ದಿನ ಏನು ಮಾಡಬೇಕು?

ಬ್ಲೋವರ್ ಶೆಡ್‌ನಲ್ಲೇ ಇರಲಿ. ನಿಜವಾಗಿ ಹೇಳುತ್ತಿದ್ದೇನೆ, ಜಲ್ಲಿ ದಾರಿ ಹಾಳಾಗುವುದು ಬಹುಪಾಲು ಈ ಮೊದಲ ಎರಡು ಮೂರು ಹಿಮಪಾತದಲ್ಲೇ. ಆಗ ನೆಲ ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಪ್ರತಿಯೊಂದು ಕಲ್ಲೂ ಸಡಿಲ. ಆವತ್ತು ನೀವು ಎಷ್ಟೇ ಹುಷಾರಾಗಿ ಓಡಿಸಿದರೂ ಕಲ್ಲು ಬರುತ್ತದೆ.

ಹಿಮ ಎರಡು ಮೂರು ಇಂಚು ಇದ್ದರೆ ಟ್ರ್ಯಾಕ್ಟರ್ ಅಥವಾ ಕಾರಿನಲ್ಲಿ ದಾರಿಯ ಮೇಲೆ ಹೋಗಿ ಬಂದು ತುಳಿಸಿ. ಒಂದೇ ಜಾಡಿನಲ್ಲಿ ಹೋಗಬೇಡಿ, ಪ್ರತಿ ಸಲ ಒಂದು ಚಕ್ರದಷ್ಟು ಪಕ್ಕಕ್ಕೆ ಸರಿದು ಇಡೀ ಅಗಲ ತುಳಿಸಿ. ರಾತ್ರಿ ಚಳಿಗೆ ಅದು ಜಲ್ಲಿಯ ಸಂದಿಗಿಳಿದು ಗಟ್ಟಿಯಾಗುತ್ತದೆ, ಗಾರೆ ಹಾಕಿದ ಹಾಗೆ. ಇಂಥ ಪದರ ಒಮ್ಮೆ ಕೂತರೆ ಮುಂದಿನ ಹಿಮವನ್ನೆಲ್ಲ ಬ್ಲೋವರ್ ಅದರ ಮೇಲಿಂದಲೇ ತೆಗೆಯುತ್ತದೆ, ಶೂ ಕೂಡ ಸಲೀಸಾಗಿ ಜಾರುತ್ತದೆ, ಆಗ ನೀವು ಶೂ ಎತ್ತರವನ್ನು ಅರ್ಧ ಇಂಚು ಕಡಿಮೆ ಮಾಡಿಕೊಂಡರೂ ನಡೆಯುತ್ತದೆ.

ಮೊದಲ ದಿನವೇ ಒಂದೂವರೆ ಅಡಿ ಬಿದ್ದರೆ? ತುಳಿಸುವುದಕ್ಕಾಗುವುದಿಲ್ಲ, ಬ್ಲೋವರ್ ಬೇಕೇ ಬೇಕು. ಆಗ ನೆಲದಿಂದ ಮೂರು ಇಂಚು ಮೇಲೆ ಸರಪಳಿಯಲ್ಲಿ ನಿಲ್ಲಿಸಿ ಮೇಲಿನದನ್ನು ಮಾತ್ರ ತೆಗೆಯಿರಿ, ಉಳಿದದ್ದನ್ನು ತುಳಿಸಿ.

ಯಾವ ಜಲ್ಲಿ ಒಳ್ಳೆಯದು?

ಕ್ರಷರ್‌ನಿಂದ ಬಂದ ಮೂಲೆ ಮೂಲೆಯ ಜಲ್ಲಿ, ಅದೂ ಪುಡಿ ಸೇರಿರುವುದು. ಮುಕ್ಕಾಲು ಇಂಚು ಮತ್ತು ಅದಕ್ಕಿಂತ ಸಣ್ಣದೆಲ್ಲ ಪುಡಿ ಸಮೇತ ಬೆರೆತಿದ್ದರೆ, ನೀರು ಹಾಕಿ ರೋಲರ್ ಹೊಡೆದಾಗ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಹೊಳೆಯ ಉರುಟು ಕಲ್ಲು ನೋಡಲು ಚೆಂದ, ಆದರೆ ಎಷ್ಟು ರೋಲರ್ ಹೊಡೆದರೂ ಗೋಲಿಯ ಹಾಗೆ ಉರುಳುತ್ತದೆ. ಈಗಾಗಲೇ ಉರುಟು ಕಲ್ಲು ಹಾಕಿಸಿದ್ದರೆ ಶೂ ಎತ್ತರವನ್ನು 40 ಮಿ.ಮೀ.ಗಿಂತ ಕಡಿಮೆ ಮಾಡಲೇಬೇಡಿ.

ಚಳಿಗಾಲಕ್ಕೆ ಮೊದಲು ಗುಂಡಿ ತುಂಬಿಸಿ, ನಡುವೆ ಸ್ವಲ್ಪ ಉಬ್ಬು ಇರುವ ಹಾಗೆ ಮಟ್ಟ ಮಾಡಿಸಿ, ನೀರು ಬದಿಗೆ ಹರಿದು ಹೋಗಲಿ. ಎರಡೂ ಅಂಚಿಗೆ ಎದ್ದು ಕಾಣುವ ಬಣ್ಣದ ಕೋಲು ನೆಡಿ, ನೆಲ ಗಟ್ಟಿಯಾದ ಮೇಲೆ ಕೋಲು ಇಳಿಯುವುದಿಲ್ಲ.

ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತಿದೆ. ಗಟ್ಟಿ ಬೋಲ್ಟ್ ಹಾಕಲಾ?

ಬೇಡ, ದಯವಿಟ್ಟು ಬೇಡ. ಅದು ಮುರಿಯುವುದಕ್ಕೇ ಇರುವ ಬೋಲ್ಟ್. ಕಲ್ಲು ಸಿಕ್ಕಿದಾಗ ಅದು ಮುರಿಯದಿದ್ದರೆ ಗೇರ್‌ಬಾಕ್ಸ್‌ನ ಹಲ್ಲು ಮುರಿಯುತ್ತದೆ, ಇಲ್ಲವೇ ಆಗರ್ ತಿರುಚಿಕೊಳ್ಳುತ್ತದೆ. ಯಂತ್ರದ ಪುಸ್ತಕದಲ್ಲಿ ಯಾವ ಗ್ರೇಡ್ (ಬೋಲ್ಟ್‌ನ ಗಟ್ಟಿತನದ ದರ್ಜೆ) ಬರೆದಿದ್ದಾರೋ ಅದನ್ನೇ ಹಾಕಿ. ಇಂಚಿನ ಬೋಲ್ಟ್ ಆದರೆ ತಲೆ ನೋಡಿ ಗುರುತಿಸಬಹುದು: ಗ್ರೇಡ್ 2ಕ್ಕೆ ಗೆರೆ ಇಲ್ಲ, ಗ್ರೇಡ್ 5ಕ್ಕೆ ಮೂರು ಗೆರೆ, ಗ್ರೇಡ್ 8ಕ್ಕೆ ಆರು ಗೆರೆ. ಮಿಲಿಮೀಟರ್ ಬೋಲ್ಟ್ ಆದರೆ 8.8, 10.9 ಅಂತ ಅಂಕೆಯೇ ಇರುತ್ತದೆ. ನಾಲ್ಕಾರು ಬೋಲ್ಟ್, ನಟ್ಟು, ಎರಡು ಸ್ಪ್ಯಾನರ್ ಟ್ರ್ಯಾಕ್ಟರ್‌ನಲ್ಲೇ ಇಟ್ಟುಕೊಳ್ಳಿ.

ಪದೇ ಪದೇ ಮುರಿಯುತ್ತಿದೆ ಅಂದರೆ ಬ್ಲೋವರ್ ಇನ್ನೂ ಜಲ್ಲಿ ಕಚ್ಚುತ್ತಿದೆ ಅಂತಲೇ ಅರ್ಥ. ಶೂ ಮತ್ತು ಟಾಪ್ ಲಿಂಕ್ ಇನ್ನೊಮ್ಮೆ ನೋಡಿ.

ಫ್ಯಾನ್ ರೆಕ್ಕೆಗೆ ರಬ್ಬರ್ ಪಟ್ಟಿ ಹಾಕುತ್ತಾರಲ್ಲ, ಜಲ್ಲಿಗೆ ಅದು ಸರಿಹೋಗುತ್ತದಾ?

ಫ್ಯಾನ್ ತುದಿಗೂ ಸುತ್ತಲಿನ ತಗಡಿಗೂ ನಡುವಿನ ಸಂದಿ ಮುಚ್ಚಿ, ಒದ್ದೆ ಹಿಮ ಚ್ಯೂಟ್‌ನಲ್ಲಿ ಕಟ್ಟಿಕೊಳ್ಳದ ಹಾಗೆ ಮಾಡುವುದಕ್ಕೆ ಅದು. ಕಲ್ಲು ಬಂದರೆ ರಬ್ಬರ್ ಬಾಗುತ್ತದೆ, ಆದರೆ ಹರಿಯುತ್ತದೆ ಕೂಡ. ಒಂದು ರೆಕ್ಕೆಯ ಪಟ್ಟಿ ಹರಿದರೆ ಫ್ಯಾನ್ ತೂಕ ತಪ್ಪಿ ನಡುಗುತ್ತದೆ, ಬೇರಿಂಗ್ ಹೋಗುತ್ತದೆ, ಹಾಗಾಗಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಶೂ, ಪೈಪ್ ಕೆಲಸ ಮುಗಿದ ಮೇಲೆ ಬೇಕಾದರೆ ಇದನ್ನು ಮಾಡಿ, ಮೊದಲಲ್ಲ.

ಚ್ಯೂಟ್ ಯಾವ ಕಡೆ ತಿರುಗಿಸಬೇಕು?

ಮನೆ, ಕಾರು, ರಸ್ತೆ, ಜನ ಇಲ್ಲದ ಕಡೆ. ಚ್ಯೂಟ್ ತುದಿಯ ಮುಚ್ಚಳವನ್ನು ಬಗ್ಗಿಸಿ ಇಟ್ಟರೆ ಹಿಮ ದೂರ ಹೋಗುವುದಿಲ್ಲ, ಕಲ್ಲೂ ಹತ್ತಿರದಲ್ಲೇ ನೆಲಕ್ಕೆ ಬೀಳುತ್ತದೆ. ಮನೆ ಹತ್ತಿರ ಬಂದಾಗ ನಾನು ಯಾವಾಗಲೂ ಬಗ್ಗಿಸುತ್ತೇನೆ, ಹಿಮ ಎರಡು ಸಲ ಎತ್ತಬೇಕಾದರೂ ಪರವಾಗಿಲ್ಲ. ಕೆಲಸ ಶುರು ಮಾಡುವ ಮುಂಚೆ ಮನೆಯವರಿಗೆಲ್ಲ ಹೇಳಿ, ಮಕ್ಕಳು ನಾಯಿ ಒಳಗೆ ಇರಲಿ. ಯಾರಾದರೂ ಹತ್ತಿರ ಬಂದರೆ ಪಿಟಿಒ ಆಫ್ ಮಾಡಿ, ಆಮೇಲೆ ಮಾತು.

ಚ್ಯೂಟ್ ಕಟ್ಟಿಕೊಂಡರೆ?

ಪಿಟಿಒ ಆಫ್. ಎಂಜಿನ್ ಆಫ್. ಕೀಲಿ ಜೇಬಿಗೆ. ಎಲ್ಲ ತಿರುಗುವುದು ಪೂರ್ತಿ ನಿಂತ ಮೇಲೆ ಕೋಲಿನಿಂದ ಬಿಡಿಸಿ. ಕೈ ಹಾಕಬೇಡಿ, ಕೈಗವಸು ಇದ್ದರೂ ಬೇಡ. ಫ್ಯಾನ್‌ಗೆ ಸಿಕ್ಕಿದ ಕಲ್ಲು ಬಿಡಿಸಿದ ಕ್ಷಣ ಫ್ಯಾನ್ ಜಗ್ಗನೆ ತಿರುಗಬಹುದು.

ಹಿಮದ ಚೈನ್ ಟೈರಿಗೆ ಹಾಕಿದರೆ ದಾರಿ ಹಾಳಾಗುವುದಿಲ್ವಾ?

ನೆಲ ಹೆಪ್ಪುಗಟ್ಟಿದ್ದರೆ ಇಲ್ಲ. ಮೆತ್ತಗಿದ್ದಾಗ, ಅದರಲ್ಲೂ ಚಕ್ರ ನಿಂತಲ್ಲೇ ಸುತ್ತಿದರೆ, ಚೈನ್ ಗುಂಡಿ ತೋಡುತ್ತದೆ. ಇಳಿಜಾರು ಇಲ್ಲದ ದಾರಿಗೆ ಚೈನ್ ಇಲ್ಲದೆ, ಟೈರಿಗೆ ನೀರು ತುಂಬಿಸಿಕೊಂಡು ಭಾರ ಹೆಚ್ಚಿಸಿದರೂ ಸಾಕಾಗಬಹುದು. ನೀರು ಹೆಪ್ಪುಗಟ್ಟದ ಹಾಗೆ ಆಂಟಿಫ್ರೀಜ್ ಬೆರೆಸಲೇಬೇಕು.

ದಾರಿ ದೊಡ್ಡ ರಸ್ತೆಗೆ ಸೇರುವ ಕಡೆ ಗುಡ್ಡೆ ಬೀಳುತ್ತದಲ್ಲ, ಅದನ್ನು ಹೇಗೆ ತೆಗೆಯುವುದು?

ದೊಡ್ಡ ರಸ್ತೆಯ ಹಿಮ ತೆಗೆಯುವ ಗಾಡಿ ತಳ್ಳಿಟ್ಟು ಹೋದ ಆ ಗುಡ್ಡೆಯಲ್ಲಿ ಮಂಜುಗಡ್ಡೆ, ಕಲ್ಲು, ಕೆಲವು ಸಲ ಕಬ್ಬಿಣದ ಚೂರು ಕೂಡ ಇರುತ್ತದೆ. ಮೊದಲು ಇಳಿದು ಹೋಗಿ ನೋಡಿ, ದೊಡ್ಡ ತುಂಡುಗಳನ್ನು ಕೈಯಲ್ಲಿ ಬದಿಗೆ ಹಾಕಿ. ಬ್ಲೋವರ್ ಎತ್ತಿ ಹಿಡಿದು ಮೇಲಿನ ಅರ್ಧ ತೆಗೆದು, ಗುಡ್ಡೆಯಿಂದ ಈಚೆ ಬಂದು, ಇಳಿಸಿ ಇನ್ನರ್ಧ ತೆಗೆಯಿರಿ. ನಿಧಾನ ಗೇರ್, ಆದರೆ ಎಂಜಿನ್ ವೇಗ ಪಿಟಿಒ 540ರಲ್ಲೇ. ಆದಷ್ಟು ಬೇಗ ಮಾಡಿ, ಒಂದು ರಾತ್ರಿ ಕಳೆದರೆ ಆ ಗುಡ್ಡೆ ಬಂಡೆಯಾಗುತ್ತದೆ. ತೆಗೆದ ಹಿಮವನ್ನು ರಸ್ತೆಗೆ ಎಸೆಯಬೇಡಿ.

ಚಳಿಗಾಲದ ನಡುವೆ ಬಿಸಿಲು ಬಂದು ಎಲ್ಲ ಕರಗಿದರೆ?

ತುಳಿಸಿ ಗಟ್ಟಿ ಮಾಡಿದ ಪದರ ಕೆಸರಿನಂತೆ ಆಗುತ್ತದೆ. ಆ ದಿನ ಬ್ಲೋವರ್ ಮುಟ್ಟಬೇಡಿ, ಮೆತ್ತಗಾದ ಜಲ್ಲಿ ಮತ್ತೆ ಸಡಿಲ. ತೀರಾ ನೀರು ನಿಂತಿದ್ದರೆ ಸಲಿಕೆಯಿಂದ ಬದಿಗೆ ಕಾಲುವೆ ಮಾಡಿ ಬಿಡಿ. ಮತ್ತೆ ಚಳಿ ಬಂದಾಗ ಜಾಡುಗಳು ಮಂಜುಗಡ್ಡೆ ಆಗುತ್ತವೆ. ಮೇಲೆ ಮರಳು ಅಥವಾ ಸಣ್ಣ ಜಲ್ಲಿಪುಡಿ ಎರಚಿ. ಉಪ್ಪು ಹಾಕಿದರೆ ಅಡಿಯ ಪದರವೂ ಕರಗಿ ಹೋಗುತ್ತದೆ, ನಾನು ಹಾಕುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಹುಲ್ಲಿನ ಮೇಲೆ ಕಲ್ಲು ಬಿದ್ದಿದೆ. ಏನು ಮಾಡಲಿ?

ಸ್ವಲ್ಪ ಬಿದ್ದೇ ಬೀಳುತ್ತದೆ. ಹಿಮ ಕರಗಿದ ತಕ್ಷಣ, ಹುಲ್ಲು ಚಿಗುರುವ ಮೊದಲೇ ರೇಕ್ ಅಥವಾ ಗಟ್ಟಿ ಪೊರಕೆಯಿಂದ ದಾರಿಗೆ ಎಳೆದು ಹಾಕಿ. ಹುಲ್ಲು ಬೆಳೆದ ಮೇಲೆ ಕಲ್ಲು ಕಾಣುವುದಿಲ್ಲ, ಆಮೇಲೆ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡ್‌ಗೆ ಸಿಕ್ಕಿ ಗುಂಡಿನ ಹಾಗೆ ಹಾರುತ್ತದೆ. ಕಲ್ಲು ಎಲ್ಲಿ ಜಾಸ್ತಿ ಬಿದ್ದಿದೆ ಅಂತ ಆಗಲೇ ಗುರುತು ಮಾಡಿಕೊಳ್ಳಿ. ಅದರ ಎದುರಿನ ದಾರಿಯಲ್ಲಿ ಒಂದು ಉಬ್ಬೋ, ಸಡಿಲ ಜಾಗವೋ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಅದನ್ನು ತಗ್ಗಿಸಿ ರೋಲರ್ ಹೊಡೆಸಿ.